ಹಳದಿ ಟೋಪಿಯ ಮೇಲೊಂದು ಡ್ರೋನು

ಸುಳ್ಳು ಹೇಳುವ ಮನುಷ್ಯ ಅಕ್ಕಪಕ್ಕ ನೋಡುತ್ತಾನೆ, ಹಿಂದೆ ತಿರುಗಿ ನೋಡುತ್ತಾನೆ, ತೀರಾ ಹುಷಾರಿಯಾಗಿದ್ದರೆ ಬಾಗಿಲ ಸಂದಿಯನ್ನೂ ನೋಡುತ್ತಾನೆ. ಮೇಲೆ ಮಾತ್ರ ನೋಡುವುದಿಲ್ಲ. ನಮ್ಮ ಟೋಪಿರಾಯರೂ ನೋಡಿರಲಿಲ್ಲ.

ಟೋಪಿರಾಯರು ಆರಂತಸ್ತಿನ ಕಟ್ಟಡವೊಂದರ ಕೆಲಸದಲ್ಲಿ ಸೂಪರ್‌ವೈಸರು. ಅದೂ ತಾತ್ಕಾಲಿಕ. ಈ ತಾತ್ಕಾಲಿಕ ಎಷ್ಟು ಹಳೆಯದೆಂದರೆ, ಅವರು ಸೇರಿದ ಮೇಲೆ ಕಂಪನಿ ಕಟ್ಟಿದ ಮನೆಗಳು ಎರಡೆರಡು ಸಲ ಸುಣ್ಣಬಣ್ಣ ಕಂಡು, ಬಾಡಿಗೆದಾರರನ್ನು ಕಂಡು, ಬಾಡಿಗೆದಾರರ ಜಗಳವನ್ನೂ ಕಂಡಿದ್ದವು. ಟೋಪಿರಾಯರು ಮಾತ್ರ ಇನ್ನೂ ತಾತ್ಕಾಲಿಕವಾಗಿಯೇ ನಿಂತಿದ್ದರು.

ಸೈಟಿನಲ್ಲಿ ಒಂದು ನಿಯಮವಿತ್ತು. ಎಂಜಿನಿಯರುಗಳಿಗೂ ನೋಡಲು ಬರುವ ಅತಿಥಿಗಳಿಗೂ ಬಿಳಿ ಹೆಲ್ಮೆಟ್ಟು. ಗಾರೆಯವರಿಗೆ, ಕಬ್ಬಿಣ ಕಟ್ಟುವವರಿಗೆ, ತಾತ್ಕಾಲಿಕದವರಿಗೆ ಹಳದಿ. ಟೋಪಿರಾಯರದು ಹಳದಿ. ಅದನ್ನು ಇಟ್ಟುಕೊಂಡೇ ಅವರು ಪೇಟೆಗೆ ಹೋಗುತ್ತಿದ್ದರು, ತರಕಾರಿ ಚೌಕಾಸಿ ಮಾಡುತ್ತಿದ್ದರು, ಮಲಗುವಾಗಷ್ಟೇ ತೆಗೆದು ದಿಂಬಿನ ಪಕ್ಕ ಇಡುತ್ತಿದ್ದರು. ಹಾಗಾಗಿ ಬೀದಿಯವರು ಟೋಪಿರಾಯರು ಎಂದು ಹೆಸರಿಟ್ಟರು. ಟೋಪಿ ಹಾಕಿಕೊಳ್ಳುತ್ತಿದ್ದರೇ ಹೊರತು ಇನ್ನೊಬ್ಬರಿಗೆ ಟೋಪಿ ಹಾಕುವ ಜಾಯಮಾನ ಅವರದಲ್ಲ. ಹೆಂಡತಿಗೆ ಒಂದೇ ಒಂದು ಸಲ ಹಾಕಿದ್ದು ಬಿಟ್ಟರೆ.

ಮದುವೆಯಾದ ಹೊಸದರಲ್ಲಿ ಆಕೆ ಕೇಳಿದ್ದಳು.

"ಇದೇನ್ರೀ, ಕಣ್ಣಿಗೆ ಹೊಡೆಯೋ ಥರ ಹಳದಿ?"

"ಬಂಗಾರದ ಬಣ್ಣ ಕಣೇ. ಸಾಹೇಬರಿಗೆ ಮಾತ್ರ ಕೊಡೋದು. ಬಿಳೀದು ಅಸಿಸ್ಟೆಂಟುಗಳಿಗೆ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಳ್ಳು ಹೊಸ ಗೋಡೆಯ ಹಾಗೆ. ಎಬ್ಬಿಸಿದ ಮೇಲೆ ದಿನವೂ ನೀರು ಹೊಡೆಯುತ್ತಿರಬೇಕು. ಮನೆಗೂ ಸೈಟಿಗೂ ನಡುವೆ ಇದ್ದದ್ದು ಎರಡೇ ಬೀದಿ. ಬಟ್ಟೆ ಒಣಗಿಸಲು ತಾರಸಿಗೆ ಹತ್ತಿದ ಹೆಂಡತಿಗೆ ದೂರದ ತಲೆಗಳು ಕಾಣುತ್ತಿದ್ದವು.

"ಅಲ್ರೀ, ಅಲ್ಲಿ ನೋಡಿದ್ರೆ ಹಳದಿ ಟೋಪೀನೇ ರಾಶಿ. ಬಿಳೀದು ಒಂದೋ ಎರಡೋ."

"ದೊಡ್ಡ ಕಂಪನಿ. ಸಾಹೇಬರು ಜಾಸ್ತಿ."

"ಸಾಹೇಬರು ಇಟ್ಟಿಗೆ ಹೊರ್ತಿದಾರಲ್ಲ?"

"ಅದಕ್ಕೇ ಹೇಳಿದ್ದು, ಅಸಿಸ್ಟೆಂಟುಗಳ ಅಭಾವ ಅಂತ."

ಹೆಂಡತಿ ನಂಬಿದಳು. ನಂಬಿದ್ದೇ ತಾಪತ್ರಯವಾಯಿತು. ಏಕೆಂದರೆ ಆ ತಾರಸಿ ಸೋರುತ್ತಿತ್ತು. ಮಳೆ ಬಂದರೆ ಮಲಗುವ ಕೋಣೆಯಲ್ಲಿ ಬಕೆಟ್ಟುಗಳು ಹಾಯಾಗಿ ಕಾಲು ಚಾಚಿಕೊಳ್ಳುತ್ತಿದ್ದವು. ಗಂಡ ಹೆಂಡತಿ ಉಳಿದ ಜಾಗದಲ್ಲಿ ಮುದುಡಿಕೊಳ್ಳುತ್ತಿದ್ದರು. ಮನೆ ಕಟ್ಟಿಕೊಟ್ಟವನು ಹೆಂಡತಿಯ ಸ್ವಂತ ಅಣ್ಣ. ಆದ್ದರಿಂದ ಕಟ್ಟಿದ್ದರಲ್ಲಿ ತಪ್ಪಿರಲು ಸಾಧ್ಯವೇ ಇರಲಿಲ್ಲ. ತಪ್ಪು ಮಳೆಯದು, ಬಿಸಿಲಿನದು, ಹೆಚ್ಚಾಗಿ ಗಂಡನದು.

"ಅಷ್ಟೊಂದು ಜನ ಕೈಕೆಳಗಿದಾರೆ ಅಂತೀರಿ. ನಾಲ್ಕು ಅಸಿಸ್ಟೆಂಟುಗಳನ್ನ ಕರ್ಕೊಂಡು ಬಂದು ಇದನ್ನ ಸರಿಮಾಡಿಸೋಕಾಗಲ್ವಾ?"

"ಬರೋ ವಾರ."

ಹೊರಗಿನ ಗಾರೆಯವನನ್ನು ಕರೆಸೋಣವೆಂದರೆ ಸಾಹೇಬಗಿರಿ ಕೆಡುತ್ತಿತ್ತು. ಅಸಿಸ್ಟೆಂಟುಗಳನ್ನು ಕರೆಸೋಣವೆಂದರೆ ಅವರು ಇವರನ್ನು ಬೈಯುವ ಎಂಜಿನಿಯರುಗಳಾಗಿದ್ದರು. ಹೀಗೆ ಆ ಬರೋ ವಾರ ಬರದೆ ಎಷ್ಟೋ ಮಳೆಗಾಲ ಬಂದು ಹೋದವು. ಹೆಂಡತಿಯ ಸಮಾಧಾನಕ್ಕೆಂದು ಟೋಪಿರಾಯರು ಸಂಜೆ ಚಹ ಕುಡಿಯುತ್ತಾ ಸೈಟಿನ ಮುಖ್ಯ ಎಂಜಿನಿಯರಾದ ಚೀಫ್ ಸಾಹೇಬರನ್ನೇ ಅಸಿಸ್ಟೆಂಟು ಮಾಡಿಕೊಂಡು, ಅವರ ಪ್ರಸಂಗಗಳನ್ನು ಅವರ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದರು.

"ಇವತ್ತೂ ನಮ್ಮ ಅಸಿಸ್ಟೆಂಟು ಕನ್ನಡಕ ಹಣೆ ಮೇಲಿಟ್ಕೊಂಡು, 'ನನ್ನ ಕನ್ನಡಕ ಯಾರ್ರೀ ತಗೊಂಡ್ರು' ಅಂತ ಸೈಟೆಲ್ಲ ಸುತ್ತಿದ. ಪಾಪ, ಒಳ್ಳೆಯವನು. ಕೆಲಸ ಗೊತ್ತಿಲ್ಲ ಅಷ್ಟೆ. ನಿಧಾನಕ್ಕೆ ಕಲೀತಾನೆ."

ಇಂಥ ನೆಮ್ಮದಿಯ ಸಂಸಾರದ ಮೇಲೆ ಒಂದು ದಿನ ಡ್ರೋನು ಹಾರಿತು.

ಚೀಫ್ ಸಾಹೇಬರಿಗೆ ಮಂಡಿ ನೋವು. ಆರು ಮಹಡಿ ಹತ್ತಿ ಕೆಲಸ ನೋಡುವುದು ಆಗದೆ ಅವರು ಕಂಪನಿಗೆ ಬರೆದು ಡ್ರೋನು ತರಿಸಿದ್ದರು. ಕಪ್ಪು ಪೆಟ್ಟಿಗೆಯಿಂದ ಅದನ್ನು ಎತ್ತಿ, ಹಸುಗೂಸನ್ನು ತೋರಿಸುವಂತೆ ಎಲ್ಲರಿಗೂ ತೋರಿಸಿದರು. "ಇನ್ಮೇಲೆ ನಾನು ಹತ್ತಲ್ಲ. ಇದು ಹತ್ತುತ್ತೆ. ಎಲ್ಲಿ ಬಿರುಕಿದೆ, ಎಲ್ಲಿ ಕಬ್ಬಿಣ ಕಾಣ್ತಿದೆ, ಯಾರು ಸಿಮೆಂಟ್ ಚೀಲದ ಹಿಂದೆ ಮಲಗಿದಾರೆ, ಎಲ್ಲಾ ಕೆಳಗೆ ದೊಡ್ಡ ಪರದೆ ಮೇಲೆ ಕಾಣುತ್ತೆ. ಯಾರು ಹಾರಿಸ್ತೀರಿ?"

ಎಂಜಿನಿಯರುಗಳೆಲ್ಲ ತಂತಮ್ಮ ಬೂಟುಗಳನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು. ಬಿದ್ದರೆ ಯಾರ ತಲೆಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಅದೇ ಗಳಿಗೆಯಲ್ಲಿ ಟೋಪಿರಾಯರ ನೆತ್ತಿ ತುರಿಸಿತು. ಹೆಲ್ಮೆಟ್ಟು ಸರಿಸಲು ಅವರು ಕೈ ಎತ್ತಿದರು.

"ಶಭಾಷ್," ಎಂದರು ಚೀಫ್ ಸಾಹೇಬರು. "ನೋಡಿ ಕಲೀರಿ. ತಾತ್ಕಾಲಿಕ ಮನುಷ್ಯನಿಗಿರೋ ಧೈರ್ಯ ನಿಮಗಿಲ್ಲ. ಟೋಪಿ, ಸೋಮವಾರ ಫ್ಲ್ಯಾಟ್ ಬುಕ್ ಮಾಡಿದವರು ಬರ್ತಾರೆ. ನಮ್ಮ ತಾರಸಿ ಎಷ್ಟು ಗಟ್ಟಿ ಅಂತ ಅವರಿಗೆ ತೋರಿಸ್ಬೇಕು. ಚೆನ್ನಾಗಿ ಆಯ್ತೋ, ನಿಮ್ಮನ್ನ ಖಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ. ಕೆಡ್ತೋ, ಕಸದ ಬುಟ್ಟೀನೂ ಮೇಜಿನ ಪಕ್ಕದಲ್ಲೇ ಇದೆ. ಭಾನುವಾರ ಮನೇಲಿ ಅಭ್ಯಾಸ ಮಾಡ್ಕೊಂಡು ಬನ್ನಿ."

ಭಾನುವಾರ ಟೋಪಿರಾಯರ ತಾರಸಿಯಿಂದ ಡ್ರೋನು ಎದ್ದಾಗ ಬೀದಿಗೆ ಬೀದಿಯೇ ತಲೆ ಎತ್ತಿತು. ಎದುರುಮನೆಯ ಟೈಲರು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಬಂದು, "ಏನು ಸಾಹೇಬ್ರೆ, ಗಿರಾಕಿ ಬ್ಲೌಸಿಗೆ ಕೊಟ್ಟ ಬಟ್ಟೇಲಿ ನಾನು ಎಷ್ಟು ಉಳಿಸ್ಕೋತೀನಿ ಅಂತ ಅದಕ್ಕೆ ಕಾಣುತ್ತಾ?" ಎಂದು ಕೇಳಿದ.

"ಎಲ್ಲಾ ಕಾಣುತ್ತೆ," ಎಂದರು ಟೋಪಿರಾಯರು ಗಂಭೀರವಾಗಿ. ಟೈಲರು ಒಳಗೆ ಹೋಗಿ ಕಿಟಕಿ ಹಾಕಿಕೊಂಡ. ಮೂಲೆಮನೆಯ ಅಜ್ಜಿ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ತಾರಸಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಬಲಗಡೆಯಿಂದ ತೆಗೆಯಬೇಕೆಂದು ತಾಕೀತು ಮಾಡಿದರು.

"ನೀವು ಸೈಟಲ್ಲಿದ್ರೂ ಇದರಿಂದ ಇಲ್ಲಿ ಕಾಣುತ್ತಾ?" ಎಂದಳು ಹೆಂಡತಿ.

"ಇದು ಬಂದ್ರೆ ನಾನೇ ಬಂದ ಹಾಗೆ."

ಹೆಂಡತಿ ಈ ಮಾತನ್ನು ಗಂಟು ಹಾಕಿಟ್ಟುಕೊಂಡಳು.

ಡ್ರೋನಿಗೆ ಒಂದು ಒಳ್ಳೆಯ ಬುದ್ಧಿಯಿತ್ತು. ಬ್ಯಾಟರಿ ಮುಗಿಯುತ್ತಾ ಬಂದರೆ ಯಾರ ಮಾತನ್ನೂ ಕೇಳದೆ ತಾನು ಇಳಿಯಬೇಕಾದ ಜಾಗಕ್ಕೆ ಮರಳುತ್ತಿತ್ತು. ಆ ಜಾಗವನ್ನು ಗುರುತು ಹಾಕಿಕೊಳ್ಳಲು, ಕೈಯಲ್ಲಿ ಹಿಡಿದು ಅದನ್ನು ಹಾರಿಸುವ ಹಿಡಿಯಂತ್ರದ ಮೇಲೆ ಎರಡು ಗುಂಡಿಗಳಿದ್ದವು. ಒಂದರ ಮೇಲೆ ತಾತ್ಕಾಲಿಕ ಎಂದಿತ್ತು, ಇನ್ನೊಂದರ ಮೇಲೆ ಖಾಯಂ ಎಂದಿತ್ತು. ತಾತ್ಕಾಲಿಕ ಎಂಬ ಶಬ್ದವನ್ನು ಕಂಡರೆ ಮೈ ಉರಿಯುವ ಮನುಷ್ಯ ಬೇರೇನು ಮಾಡಿಯಾನು? ಸೋರುವ ತಾರಸಿಯ ನಟ್ಟನಡುವೆ ನಿಂತು, ಕಣ್ಣು ಮುಚ್ಚಿ, ಜೀವಮಾನದ ಆಸೆಯನ್ನೆಲ್ಲ ಹೆಬ್ಬೆರಳಿಗೆ ತಂದು ಖಾಯಂ ಒತ್ತಿದರು.

ಆಮೇಲೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರು. ಮನೆಯಲ್ಲಿ ಕೆಲಸ ಮಾಡುವ ಪ್ಲಗ್ಗು ಒಂದೇ. ಅಣ್ಣ ಇಟ್ಟಿದ್ದೇ ಅಷ್ಟು. ಹೆಂಡತಿ ಅರ್ಧದಲ್ಲೇ ಚಾರ್ಜರನ್ನು ಕಿತ್ತು ಇಸ್ತ್ರಿಪೆಟ್ಟಿಗೆ ಹಾಕಿ, ಸೋಮವಾರಕ್ಕೆಂದು ಗಂಡನ ಅಂಗಿಯನ್ನು ಬಹಳ ಪ್ರೀತಿಯಿಂದ ಇಸ್ತ್ರಿ ಮಾಡಿದಳು.

ಸೋಮವಾರ ಫ್ಲ್ಯಾಟ್ ಬುಕ್ ಮಾಡಿದವರು ಬಿಳಿ ಹೆಲ್ಮೆಟ್ಟು ಧರಿಸಿ ಪರದೆಯ ಮುಂದೆ ಕುರ್ಚಿಗಳಲ್ಲಿ ಕೂತರು. ಮುಂದಿನ ಸಾಲಿನಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರು ಕೊಂಡದ್ದು ಮೇಲಿನ ಮಹಡಿ. ನೆತ್ತಿಯ ಮೇಲೆ ತಾರಸಿ ಬಿಟ್ಟರೆ ಆಕಾಶ. ಹಾಗಾಗಿ ಅವರು ಕೂರುವ ಮೊದಲೇ ಹೇಳಿದ್ದರು: "ಬಾಯಿಮಾತು ಬೇಡ. ತಾರಸಿ ತೋರಿಸಿ. ಒಂದು ಕೂದಲೆಳೆ ಬಿರುಕು ಕಂಡ್ರೂ ನನ್ನ ಬುಕಿಂಗ್ ವಾಪಸ್."

"ನನ್ನ ಜೊತೆ ನಾವೂ," ಎಂದರು ಹಿಂದಿನ ಸಾಲಿನವರೊಬ್ಬರು, ಗಾಬರಿಯಲ್ಲಿ ಸರ್ವನಾಮ ಜಾರಿ.

ಡ್ರೋನು ಭರ್ರನೆ ಎದ್ದಿತು. ಒಂದನೆಯ ಮಹಡಿ, ಎರಡನೆಯದು, ಮೂರನೆಯದು. ಚೀಫ್ ಸಾಹೇಬರು ಕೋಲು ಹಿಡಿದು ವಿವರಿಸುತ್ತಿದ್ದರು. ಐದನೆಯ ಮಹಡಿ ದಾಟುವಾಗ ಹಿಡಿಯಂತ್ರ ಕೀಂ ಕೀಂ ಎಂದಿತು. ಬ್ಯಾಟರಿಯ ಕೆಂಪು ದೀಪ ಮಿನುಗಿತು. ಟೋಪಿರಾಯರು ಎಡಕ್ಕೆ ಒತ್ತಿದರು, ಬಲಕ್ಕೆ ಒತ್ತಿದರು, ಕೊನೆಗೆ ತಾವೇ ಎಡಕ್ಕೂ ಬಲಕ್ಕೂ ವಾಲಿದರು. ಡ್ರೋನು ಕಟ್ಟಡಕ್ಕೆ ಬೆನ್ನು ತಿರುಗಿಸಿ, ಸಂಜೆ ಮನೆಗೆ ಹೊರಟ ಗುಮಾಸ್ತನ ಹಾಗೆ ಆತುರದಲ್ಲಿ ಹೊರಟೇಬಿಟ್ಟಿತು. ಪರದೆಯ ಮೇಲೆ ಒಂದು ಬೀದಿ ಹಾದುಹೋಯಿತು, ಇನ್ನೊಂದು ಬೀದಿ ಹಾದುಹೋಯಿತು. ಟೈಲರನ ಕಿಟಕಿ ಪಟಾರನೆ ಮುಚ್ಚಿಕೊಂಡದ್ದೂ ಕಂಡಿತು. ಆಮೇಲೆ ಪರದೆಯ ತುಂಬ ಒಂದು ತಾರಸಿ ಬಂದು ನಿಂತಿತು.

ಅದನ್ನು ತಾರಸಿ ಎನ್ನುವುದಕ್ಕಿಂತ ಬಿರುಕುಗಳ ಪ್ರದರ್ಶನ ಎನ್ನಬಹುದು. ಅಲ್ಲಲ್ಲಿ ಪಾಚಿ. ಮಧ್ಯೆ ನೀಲಿ ಟಾರ್ಪಾಲು, ಅದರ ಮೇಲೆ ಕಲ್ಲುಗಳು, ಪಕ್ಕದಲ್ಲಿ ಮೊನ್ನೆಯ ಮಳೆ ಇನ್ನೂ ಹೋಗದೆ ನಿಂತ ಹೊಂಡ.

ಕುರ್ಚಿಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. "ಇದೇನಾ ನಮ್ಮ ತಾರಸಿ?" ಎಂದು ಹೆಡ್‌ಮಿಸ್ಟ್ರೆಸ್ಸು ಎದ್ದು ನಿಂತರು. ಚೀಫ್ ಸಾಹೇಬರ ಕೈಯ ಕೋಲು ಬಿತ್ತು. ಟೋಪಿರಾಯರಿಗೆ ಮೇಜು ಕಂಡಿತು, ಫೈಲು ಕಂಡಿತು, ಕಸದ ಬುಟ್ಟಿ ಬಹಳ ಸ್ಪಷ್ಟವಾಗಿ ಕಂಡಿತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

"ಅಲ್ಲ ಮೇಡಂ. ಇದು ಬೇರೆ ಕಾಂಟ್ರಾಕ್ಟರ್ ಕಟ್ಟಿದ್ದು. ಕೆಟ್ಟ ತಾರಸಿ ಹೇಗಿರುತ್ತೆ ಅಂತ ಮೊದಲು ನೋಡಿದ್ರೆ ತಾನೇ ಒಳ್ಳೇದರ ಬೆಲೆ ತಿಳಿಯೋದು? ಹೋಲಿಕೆಗೆ."

ಸಭೆ ಉಸಿರು ಬಿಟ್ಟಿತು. "ಹೋಲಿಕೆಗೆ," ಎಂದರು ಚೀಫ್ ಸಾಹೇಬರು, ಈ ಉಪಾಯ ತಮ್ಮದೇ ಎನ್ನುವ ಹಾಗೆ. "ನಾನೇ ಹೇಳಿದ್ದೆ, ಹೋಲಿಕೆ ಇರಲಿ ಅಂತ."

ಅಷ್ಟರಲ್ಲಿ ಪರದೆಗೆ ಹೆಂಡತಿ ಬಂದಳು. ಡ್ರೋನು ಬಂದರೆ ಗಂಡನೇ ಬಂದ ಹಾಗೆ ಎಂಬ ಮಾತಿನ ಗಂಟು ಈಗ ಬಿಚ್ಚಿತ್ತು. ಒಂದು ಕೈಯಲ್ಲಿ ಬಕೆಟ್ಟು ಹಿಡಿದು, ಇನ್ನೊಂದು ಕೈಯಿಂದ ಒಂದೊಂದೇ ಬಿರುಕನ್ನು ತೋರಿಸುತ್ತಾ, ಡ್ರೋನಿನ ಕಣ್ಣಿಗೆ ಕಣ್ಣಿಟ್ಟು ಮಾತಾಡತೊಡಗಿದಳು. ದನಿ ಬರುತ್ತಿರಲಿಲ್ಲ. ಆದರೆ ಅದು ದನಿ ಬೇಕಾದ ಮಾತಲ್ಲ.

"ಯಾರು ಆಯಮ್ಮ?" ಎಂದರು ಹೆಡ್‌ಮಿಸ್ಟ್ರೆಸ್ಸು. "ಏನು ಹೇಳ್ತಿದಾರೆ?"

"ಆ ಮನೆ ಯಜಮಾನತಿ ಮೇಡಂ. ಪಾಪ, ಕಾಂಟ್ರಾಕ್ಟರನ್ನ ನೆನೆಸ್ಕೋತಿದಾರೆ." ಟೋಪಿರಾಯರು ದನಿಯನ್ನು ಸಣ್ಣ ಮಾಡಿ, ಪರದೆಯ ತುಟಿಗೆ ತಕ್ಕಂತೆ ನುಡಿಸತೊಡಗಿದರು. "'ಅಯ್ಯಾ ಕಾಂಟ್ರಾಕ್ಟರೇ, ಸಿಮೆಂಟಲ್ಲಿ ಕಟ್ಟಿದ್ಯೋ, ಬೂದೀಲಿ ಕಟ್ಟಿದ್ಯೋ? ಆ ಆರಂತಸ್ತಿನ ಕಂಪನಿಯವರಿಗೆ ಕೊಟ್ಟಿದ್ರೆ ನನಗೆ ಈ ಗತಿ ಬರ್ತಿತ್ತಾ?'"

ಚೀಫ್ ಸಾಹೇಬರು ಎದೆ ಉಬ್ಬಿಸಿದರು.

"ನಾನು ನಲವತ್ತು ವರ್ಷ ಕೊನೇ ಬೆಂಚಿನವರ ತುಟಿ ಓದಿದವಳು," ಎಂದರು ಹೆಡ್‌ಮಿಸ್ಟ್ರೆಸ್ಸು ಕಣ್ಣು ಕಿರಿದು ಮಾಡಿ. "ಆಯಮ್ಮ ಮಾತುಮಾತಿಗೂ 'ರೀ' ಅಂತಿದಾರೆ. ಕಾಂಟ್ರಾಕ್ಟರಿಗೆ ಯಾರಾದ್ರೂ ಇಷ್ಟೊಂದು ರೀ ಅಂತಾರಾ?"

"ಮರ್ಯಾದಸ್ಥ ಹೆಣ್ಣುಮಗಳು ಮೇಡಂ. ಬೈಯೋದನ್ನೂ ಬಹುವಚನದಲ್ಲೇ ಬೈತಾರೆ."

ಡ್ರೋನು ಇಳಿಯಿತು. ಹೆಂಡತಿ ಬಗ್ಗಿ ಅದರ ಕಣ್ಣಿನ ಹತ್ತಿರ ಮುಖ ತಂದು ಕೊನೆಯದಾಗಿ ಏನೋ ಒಂದು ಹೇಳಿ, ಅದರ ಮೇಲೆ ಬಕೆಟ್ಟು ಬೋರಲು ಹಾಕಿದಳು. ಪರದೆ ಕಪ್ಪಾಯಿತು.

"ಪಾಪ," ಎಂದಿತು ಸಭೆ.

"ಪಾಪ ಅಂತ ಕೂತ್ರೆ ಆಗಲ್ಲ," ಎಂದರು ಹೆಡ್‌ಮಿಸ್ಟ್ರೆಸ್ಸು. "ಹೇಗೂ ನಿಮ್ಮ ಯಂತ್ರ ತರೋಕೆ ಹೋಗ್ಬೇಕಲ್ಲ. ನಡೀರಿ, ಆಯಮ್ಮನ ಬಾಯಿಂದಲೇ ಕೇಳೋಣ."

"ಬೇಡ ಮೇಡಂ, ಬಿಸಿಲು," ಎಂದರು ಟೋಪಿರಾಯರು.

"ಟೋಪಿ ಇದೆಯಲ್ಲ," ಎಂದರು ಅವರು, ಬಿಳಿ ಹೆಲ್ಮೆಟ್ಟು ತಟ್ಟಿ.

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಒಂದು ಹಳದಿ ಟೋಪಿ, ಹಿಂದೆ ಸಾಲುಸಾಲು ಬಿಳಿ ಟೋಪಿಗಳು. ಚೀಫ್ ಸಾಹೇಬರು ಮಂಡಿ ಹಿಡಿದುಕೊಂಡು ಮೊದಲ ಸಾಲಿನಲ್ಲಿದ್ದರು. ಟೋಪಿರಾಯರು ಮೂರು ಸಲ ದಾರಿ ತಪ್ಪಿಸಲು ನೋಡಿದರು. ಮೂರು ಸಲವೂ ಮೂಲೆಮನೆಯ ಅಜ್ಜಿ ಕುರ್ಚಿಯಿಂದಲೇ, "ಏನಪ್ಪಾ, ನಿನ್ನ ಮನೆ ಈ ಕಡೆ," ಎಂದು ದಾರಿಗೆ ಹಚ್ಚಿದರು. ಮೊದಲ ಸಲ ಚೀಫ್ ಸಾಹೇಬರು ಅನುಮಾನದಿಂದ ನೋಡಿದರು. ಮೂರನೆಯ ಸಲ ಅವರಲ್ಲಿ ಅನುಮಾನ ಉಳಿದಿರಲಿಲ್ಲ.

ಬಾಗಿಲು ತೆರೆದ ಹೆಂಡತಿಯ ಮುಖ ಅರಳಿದ ಬಗೆಯನ್ನು ಬಣ್ಣಿಸುವುದು ಕಷ್ಟ. ಹಳದಿಯ ಹಿಂದೆ ಬಿಳಿ, ಬಿಳಿಯ ಹಿಂದೆ ಬಿಳಿ. ನಾಲ್ಕು ಕೇಳಿದರೆ ಗಂಡ ಇಪ್ಪತ್ತು ತಂದಿದ್ದ.

"ಅಂತೂ ಕರ್ಕೊಂಡು ಬಂದ್ರಲ್ಲ. ಬನ್ರಪ್ಪಾ, ಬನ್ನಿ. ಚಪ್ಪಲಿ ಅಲ್ಲೇ ಬಿಡಿ. ಮೆಟ್ಟಿಲು ಈ ಕಡೆ. ಸುಮ್ನೆ ಕೈ ಬೀಸ್ಕೊಂಡು ಹತ್ಬೇಡಿ, ಒಬ್ಬೊಬ್ಬರು ಒಂದೊಂದು ಬಕೆಟ್ ತಗೊಳ್ಳಿ."

ಫ್ಲ್ಯಾಟ್ ಬುಕ್ ಮಾಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಕೆಟ್ಟು ತೆಗೆದುಕೊಂಡರು. ಆ ದನಿಗೆ ಇಲ್ಲವೆನ್ನುವುದು ಸುಲಭವಿರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಕಣ್ಣು ಚೀಫ್ ಸಾಹೇಬರ ಹಣೆಯ ಮೇಲೆ ಕೂತಿದ್ದ ಕನ್ನಡಕಕ್ಕೆ ಬಿತ್ತು.

"ಓ, ನೀವೇನಾ ಅದು? ಹಣೆ ಮೇಲಿಟ್ಕೊಂಡು ಊರೆಲ್ಲ ಹುಡುಕೋರು? ನಮ್ಮ ಯಜಮಾನ್ರು ದಿನಾ ನಿಮ್ಮ ವಿಷಯಾನೇ ಹೇಳ್ತಾರೆ."

"ಏನಂತ?" ಎಂದರು ಚೀಫ್ ಸಾಹೇಬರು, ಹೆಂಡತಿಯನ್ನಲ್ಲ, ಟೋಪಿರಾಯರನ್ನು ನೋಡುತ್ತಾ.

"ಪಾಪ, ಒಳ್ಳೆಯವನು, ಕೆಲಸ ಗೊತ್ತಿಲ್ಲ ಅಷ್ಟೆ, ನಿಧಾನಕ್ಕೆ ಕಲೀತಾನೆ ಅಂತ. ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಲೆ ಇವರಿಗೆ ತುಂಬ ಪ್ರೀತಿ. ಎಷ್ಟು ತಪ್ಪು ಮಾಡಿದ್ರೂ ಕೆಲಸದಿಂದ ತೆಗೆದಿಲ್ಲ ನೋಡಿ."

ಟೋಪಿರಾಯರು ಗೋಡೆಗೆ ಒರಗಿದರು. ಆ ಗೋಡೆಯನ್ನೂ ಭಾವನೇ ಕಟ್ಟಿದ್ದರಿಂದ ಸ್ವಲ್ಪ ಸುಣ್ಣ ಉದುರಿತು. ಚೀಫ್ ಸಾಹೇಬರ ಬಾಯಿ ಗಾರೆ ಕಲೆಸುವ ಯಂತ್ರದಂತೆ ಎರಡು ಸುತ್ತು ತಿರುಗಿತು. ಮಾತು ಮಾತ್ರ ಬೀಳಲಿಲ್ಲ. ಹಿಂದಿನಿಂದ ಒಬ್ಬರು ಗೊಣಗಿದರು. "ಅಂದ್ರೆ ಇದು ಇವರ ಸೂಪರ್‌ವೈಸರ್ ಮನೇನೇ? ಇವರ ಕಂಪನಿಯವರ ಮನೇನೇ ಹೀಗೆ ಸೋರಿದ್ರೆ..."

"ತಾಳಿ," ಎಂದರು ಹೆಡ್‌ಮಿಸ್ಟ್ರೆಸ್ಸು. ತರಗತಿ ನಿಶ್ಶಬ್ದವಾಯಿತು. "ಅಮ್ಮಾ, ಈ ಮನೆ ಕಟ್ಟಿದ್ದು ಯಾರು? ನಿಮ್ಮ ಯಜಮಾನ್ರಾ?"

ಟೋಪಿರಾಯರು ಕಣ್ಣು ಮುಚ್ಚಿಕೊಂಡರು. ಹೆಂಡತಿಗೆ ಈ ಪ್ರಶ್ನೆಯೇ ಅವಮಾನವೆನಿಸಿತು.

"ಇವರೆಲ್ಲಿ ಕಟ್ಟಬಲ್ಲರು? ನಮ್ಮಣ್ಣ ಕಟ್ಟಿದ್ದು. ದೊಡ್ಡ ಕಾಂಟ್ರಾಕ್ಟರು. ಒಂದು ಇಟ್ಟಿಗೆ ಮುಟ್ಟೋಕೂ ಇವರನ್ನ ಬಿಟ್ಟಿಲ್ಲ. ಕಟ್ಟಿರೋದು ಭದ್ರವಾಗೇ ಇದೆ. ಇವರೇ ಮೇಲೆ ಓಡಾಡಿ ಓಡಾಡಿ ಬಿರುಕು ಬಿಡಿಸಿದ್ದು."

ಬಿಳಿ ಟೋಪಿಗಳಲ್ಲಿ ಒಂದು ನಗು ಹುಟ್ಟಿ, ಬಕೆಟ್ಟಿನಿಂದ ಬಕೆಟ್ಟಿಗೆ ದಾಟಿ, ಮೆಟ್ಟಿಲ ತುದಿಯವರೆಗೂ ಹೋಯಿತು. ಟೋಪಿರಾಯರ ಬದುಕಿನಲ್ಲಿ ಭಾವನಿಂದ ಆದ ಮೊದಲ ಉಪಕಾರ ಅದು.

"ಸರಿ," ಎಂದರು ಹೆಡ್‌ಮಿಸ್ಟ್ರೆಸ್ಸು ಚೀಫ್ ಸಾಹೇಬರತ್ತ ತಿರುಗಿ. "ಕೆಟ್ಟದ್ದು ನೋಡಿದ್ದಾಯ್ತು. ಒಳ್ಳೇ ಕೆಲಸ ಹೇಗಿರುತ್ತೆ ಅಂತ ಇಲ್ಲೇ ಮಾಡಿ ತೋರಿಸಿ. ನೋಡ್ಕೊಂಡು ನನ್ನ ಬುಕಿಂಗ್ ಯೋಚಿಸ್ತೀನಿ. ಆಯಮ್ಮ ಹೇಳಿದ್ದು ಕೇಳಿಸ್ಲಿಲ್ವಾ? ಬಕೆಟ್ ತಗೊಳ್ಳಿ."

ಚೀಫ್ ಸಾಹೇಬರು ತಾರಸಿಗೆ ಹತ್ತಿದರು. ಸೈಟಿನಿಂದ ಕರಣೆ, ಸಿಮೆಂಟು, ನೆಲದ ಏರುತಗ್ಗು ಅಳೆಯುವ ರಸಮಟ್ಟ ಎಲ್ಲ ಬಂದವು. ಎಷ್ಟೋ ಕಾಲದ ಮೇಲೆ ಕರಣೆ ಹಿಡಿದ ಅವರು ಮೊದಮೊದಲು ಬಿರುಕಿಗಿಂತ ಹೆಚ್ಚು ಸಿಮೆಂಟನ್ನು ತಮ್ಮ ಪ್ಯಾಂಟಿಗೆ ಮೆತ್ತಿಕೊಂಡರು. ಆಮೇಲೆ ಕೈ ಕುದುರಿತು. ರಸಮಟ್ಟ ಇಟ್ಟು ನೋಡಿ ಥಟ್ಟನೆ ನಿಂತರು.

"ಏನ್ರೀ ಇದು? ನೀರು ಹೋಗೋ ಕೊಳವೆ ನೆಲಕ್ಕಿಂತ ಮೇಲಿದೆ. ನೀರು ಏಣಿ ಹಾಕ್ಕೊಂಡು ಹತ್ತಿ ಹೋಗ್ಬೇಕಾ?"

"ನಮ್ಮಣ್ಣ ಯೋಚನೆ ಮಾಡೇ ಇಟ್ಟಿರ್ತಾನೆ," ಎಂದಳು ಹೆಂಡತಿ. "ನೀವು ಇಳಿಸಿ ನೋಡೋಣ."

ಚೀಫ್ ಸಾಹೇಬರು ಇಳಿಸಿದರು. ಹೊಂಡದ ನೀರು ಗೊಳಗೊಳನೆ ಹೊರಟುಹೋಯಿತು. ಬುಕ್ ಮಾಡಿದವರು ಚಪ್ಪಾಳೆ ತಟ್ಟಿದರು. ಮಂಡಿಯನ್ನೇ ಮರೆತು ಕುಕ್ಕರಗಾಲಲ್ಲಿ ಕೂತಿದ್ದ ಚೀಫ್ ಸಾಹೇಬರು ಅರೆಗಳಿಗೆ ಖುಷಿಯಾದಂತೆಯೂ ಕಂಡಿತು.

"ಪರವಾಗಿಲ್ಲ," ಎಂದಳು ಹೆಂಡತಿ ಗಂಡನ ಕಿವಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಕಲ್ತಿದಾನೆ."

ಹೋಗುವಾಗ ಚೀಫ್ ಸಾಹೇಬರು ಮೆಟ್ಟಿಲ ತಿರುವಿನಲ್ಲಿ ಟೋಪಿರಾಯರ ತೋಳು ಹಿಡಿದರು. "ನಾಳೆ ಬೆಳಿಗ್ಗೆ ನನ್ನ ರೂಮಿಗೆ ಬನ್ನಿ, ಸಾಹೇಬರೇ. ಆ ಹಳದಿ ಟೋಪಿ ಕೈಯಲ್ಲಿ ಹಿಡ್ಕೊಂಡು ಬನ್ನಿ."

ಮರುದಿನ ಟೋಪಿರಾಯರು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಹೋದರು. ಮೇಜಿನ ಮೇಲೆ ಫೈಲು ಇರಲಿಲ್ಲ. ಅವರು ಮೆಲ್ಲನೆ ಕಸದ ಬುಟ್ಟಿಯತ್ತ ನೋಡಿದರು. ಅಲ್ಲೂ ಇರಲಿಲ್ಲ.

"ಅದು ಮೇಲಿನ ಆಫೀಸಿಗೆ ಹೋಯ್ತು," ಎಂದರು ಚೀಫ್ ಸಾಹೇಬರು, ನುಂಗಲಾರದ್ದನ್ನು ನುಂಗುತ್ತಾ. "ಆ ಹೆಡ್‌ಮಿಸ್ಟ್ರೆಸ್ಸು ಬೆಳಿಗ್ಗೇನೇ ಫೋನ್ ಮಾಡಿದ್ರು. ಅವರ ತಾರಸೀನ ನೀವೇ ನೋಡ್ಕೋಬೇಕಂತೆ. ಬಕೆಟ್ ಪಕ್ಕ ಮಲಗಿದವನಿಗಷ್ಟೇ ಸೋರೋದರ ಸಂಕಟ ಗೊತ್ತು ಅಂದ್ರು. ಇಲ್ಲಾಂದ್ರೆ ಇಪ್ಪತ್ತು ಬುಕಿಂಗೂ ವಾಪಸ್ಸಂತೆ. ನೀವು ಇವತ್ತಿಂದ ಖಾಯಂ. ಆ ಡ್ರೋನಿನ ಖಾಯಂ ಮಾತ್ರ ಮೊದಲು ತೆಗೀರಿ. ಮತ್ತೆ, ನಿಮ್ಮ ಮನೆಯವರು ಯಾವ ಕಾರಣಕ್ಕೂ ಸೈಟಿಗೆ ಬರಕೂಡದು."

ಹೀಗೆ ಹೇಳಿ ಕಪಾಟಿನಿಂದ ಹೊಸ ಹೆಲ್ಮೆಟ್ಟೊಂದನ್ನು ತೆಗೆದು ತಮ್ಮ ಕೈಯಾರೆ ಟೋಪಿರಾಯರ ತಲೆಗಿಟ್ಟರು. ಬೆಳ್ಳಗೆ, ಒಂದು ಗೀರೂ ಇಲ್ಲದೆ, ಹೊಳೆಯುತ್ತಿತ್ತು.

ಟೋಪಿರಾಯರು ಆ ದಿನ ನೆಲದ ಮೇಲೆ ನಡೆಯಲಿಲ್ಲ. ಸಂಜೆ ಎರಡು ಬೀದಿಯನ್ನು ಎರಡು ಹೆಜ್ಜೆಯಲ್ಲಿ ದಾಟಿದವರಂತೆ ಮನೆ ಸೇರಿ, ಬಾಗಿಲು ಬಡಿದು, ತಲೆಯನ್ನು ಚೆನ್ನಾಗಿ ಕಾಣುವ ಹಾಗೆ ಬಾಗಿಸಿ ನಿಂತರು.

ಬಾಗಿಲು ತೆರೆದ ಹೆಂಡತಿ ಬಿಳಿ ಟೋಪಿಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಅವಳ ಕಣ್ಣು ತುಂಬಿ ಬಂತು. ಕೊನೆಗೆ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಬೆನ್ನು ಸವರಿದಳು.

"ನನ್ನಿಂದಾನೇ ಆಯ್ತು. ತಾರಸಿ ತಾರಸಿ ಅಂತ ನಾನು ಹಟ ಹಿಡೀಬಾರದಿತ್ತು. ಹೋಗ್ಲಿ ಬಿಡ್ರೀ, ಬೇಜಾರು ಮಾಡ್ಕೋಬೇಡಿ. ನೀವು ಒಳ್ಳೆಯವರು. ನಿಧಾನಕ್ಕೆ ಕಲೀತೀರಿ. ಆಮೇಲೆ ಮತ್ತೆ ಹಳದೀನೇ ಕೊಡ್ತಾರೆ."